ರಾತ್ರಿ ಫೋಟೊ ತೆಗೆಯುವಾಗ ಫಿಲ್ಟರ್ ಬಿಚ್ಚಿಡಿ

ಅಣ್ಣಮ್ಮ ದೇವಿಯ ಉತ್ಸವವೋ ನವೆಂಬರಿನ ರಾಜ್ಯೋತ್ಸವವೋ ಬಂತೆಂದರೆ ಬೆಂಗಳೂರಿನ ಮೂಡಲಪಾಳ್ಯ, ವಿಜಯನಗರದ ಕಡೆಯ ರಸ್ತೆಗಳ ತುಂಬ ಸೀರಿಯಲ್ ಸೆಟ್ಟು ಜಗಮಗಿಸುತ್ತದೆ. ಬಣ್ಣದ ಬಲ್ಬುಗಳಲ್ಲಿ ದೇವರ ಚಿತ್ರ ಮೂಡಿಸಿದ ಆಳೆತ್ತರದ ಕಟೌಟಿನ ಮುಂದೆ ಜನ ಸಾಲಾಗಿ ಮೊಬೈಲ್ ಎತ್ತುತ್ತಾರೆ. ಆಮೇಲೆ ನೋಡಿದರೆ ಮೇಲಿನ ಕಪ್ಪು ಆಕಾಶದಲ್ಲಿ ಯಾರೂ ಕಟ್ಟದ ದೀಪಗಳು ತಲೆಕೆಳಗಾಗಿ ತೇಲುತ್ತಿರುತ್ತವೆ. ಕೆಲವರು ಫೋನನ್ನು ಬೈಯುತ್ತಾರೆ, ಕೆಲವರು ಹಾರುವ ತಟ್ಟೆ ಎಂದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ.

ತಪ್ಪು ಬಹಳ ಸಲ ಲೆನ್ಸಿನ ಮುಂದಿರುವ ಗಾಜಿನದು.

ಸಾದಾ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಕ್ಯಾಮೆರಾ ಲೆನ್ಸಿನ ಮುಂದೆ ಹಾಕುವ ಫಿಲ್ಟರಿಗೆ ಎರಡು ಮೈ, ಅಲ್ಲಿಗೆ ಶೇ 8. ದೀಪದ ಬೆಳಕು ಲೆನ್ಸ್ ದಾಟಿ ಸೆನ್ಸರ್ ಮುಟ್ಟಿದಾಗ ಅದರ ಹೊಳಪಿನ ಮೈಯಿಂದ ಒಂದಷ್ಟು ಪುಟಿದು, ಬಂದ ದಾರಿಯಲ್ಲೇ ಹಿಂದೆ ಹೋಗಿ, ಫಿಲ್ಟರಿನ ಬೆನ್ನಿಗೆ ಬಡಿದು ಮತ್ತೆ ಸೆನ್ಸರಿನ ಮೇಲೆ ಬೀಳುತ್ತದೆ. ಲೆನ್ಸಿನ ಒಳಗಿನ ಗಾಜುಗಳು ಬಾಗಿರುವುದರಿಂದ ಅವು ಪುಟಿಸಿದ ಬೆಳಕು ಹೆಚ್ಚಾಗಿ ಹರಡಿಹೋಗುತ್ತದೆ. ಫಿಲ್ಟರ್ ಚಪ್ಪಟೆ. ಹಾಗಾಗಿ ಅದು ಮರಳಿಸಿದ ಬೆಳಕು ಪುನಃ ಫೋಕಸ್ ಆಗಿ ದೀಪದ ನಕಲನ್ನೇ ಮೂಡಿಸುತ್ತದೆ. ಇದೇ ಗೋಸ್ಟಿಂಗ್. ದೀಪ ಎಡಗಡೆ ಕೆಳಗಿದ್ದರೆ ನಕಲು ಬಲಗಡೆ ಮೇಲೆ. ಕ್ಯಾಮೆರಾ ಅಲ್ಲಾಡಿಸಿದರೆ ಎರಡೂ ಎದುರುಬದುರು ದಿಕ್ಕಿಗೆ ಸರಿಯುತ್ತವೆ. ಬೆಳಕು ಚುಕ್ಕೆಯಾಗಿ ಕೂರದೆ ಚಿತ್ರದ ತುಂಬ ಮಂಜಿನ ಹಾಗೆ ಹರಡಿ ಕಪ್ಪನ್ನೆಲ್ಲ ಬೂದಿಯಾಗಿಸಿದರೆ ಅದು ಫ್ಲೇರ್.

ದಸರೆಯಲ್ಲಿ ಮೈಸೂರು ಅರಮನೆಯ ಎದುರು ನಿಂತವರಿಗೆ ಇದರ ಪೂರ್ತಿ ದರ್ಶನವಾಗುತ್ತದೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುವ ಕಟ್ಟಡ ಚಿತ್ರದ ಕೆಳಗಿನ ಅರ್ಧದಲ್ಲಿ, ಕತ್ತಲ ಆಕಾಶ ಮೇಲಿನ ಅರ್ಧದಲ್ಲಿ. ಲೆನ್ಸಿಗೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಗೋಪುರ, ಕಮಾನು ಎಲ್ಲ ಮಸುಕಾಗಿ ಆಕಾಶದಲ್ಲಿ ತಲೆಕೆಳಗಾಗಿ ನೇತಾಡಬಹುದು. ಹಗಲಿನಲ್ಲಿ ಕಣ್ಣಿಗೇ ಬೀಳದಷ್ಟು ಸಣ್ಣ ಪ್ರತಿಫಲನ ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ.

ಇಷ್ಟಾದರೂ ಹೊಸ ಲೆನ್ಸ್ ಕೊಂಡವರಿಗೆ ಕೌಂಟರಿನಲ್ಲಿ ಕೇಳಿಬರುವ ಮಾತು ಒಂದೇ: ‘ಯುವಿ ಫಿಲ್ಟರ್ ಹಾಕ್ಸ್ಕೊಂಬಿಡಿ ಸಾರ್, ಲೆನ್ಸ್ ಸೇಫಾಗಿರುತ್ತೆ’. ರೀಲಿನ ಕಾಲದಲ್ಲಿ ಯುವಿ ಫಿಲ್ಟರಿಗೆ ಕೆಲಸವಿತ್ತು. ಫಿಲ್ಮ್ ಅತಿನೇರಳೆ ಕಿರಣವನ್ನೂ ದಾಖಲಿಸುತ್ತಿದ್ದರಿಂದ ಬೆಟ್ಟದ ಮೇಲೆ ತೆಗೆದ ಚಿತ್ರಕ್ಕೆ ನೀಲಿ ಮಬ್ಬು ಬರುತ್ತಿತ್ತು. ಡಿಜಿಟಲ್ ಸೆನ್ಸರಿನ ಮುಂದೆ ಕಂಪನಿಯವರೇ ಅದನ್ನು ತಡೆಯುವ ಪದರ ಕೂರಿಸಿರುತ್ತಾರೆ. ಕೆಲಸ ಹೋಯಿತು, ಮಾರಾಟ ಉಳಿಯಿತು. ಫೋನಿನ ಅಂಗಡಿಗಳಲ್ಲಿ ಕ್ಯಾಮೆರಾ ಕಣ್ಣಿಗೆ ಅಂಟಿಸುವ ಲೆನ್ಸ್ ಗಾರ್ಡ್ ಇದರ ತಮ್ಮ. ಫೋನಿನ ಸ್ವಂತ ಗಾಜಿನಿಂದಲೂ ಹಸಿರು ಚುಕ್ಕೆ ಬರುವುದುಂಟು. ಅದರ ಮೇಲೆ ಗಾರ್ಡ್ ಬಂದರೆ ಇನ್ನೆರಡು ಮೈ, ಜೊತೆಗೆ ಬೆರಳಿನ ಜಿಡ್ಡು.

ಲೆನ್ಸ್ ಕಾಪಾಡುತ್ತದೆ ಎಂಬ ವಾದ ಪೂರ್ತಿ ಸುಳ್ಳೇನಲ್ಲ. ಮಲ್ಪೆಯ ಉಪ್ಪುಗಾಳಿಯಲ್ಲಿ, ಓಕುಳಿಯ ಬಣ್ಣದ ನಡುವೆ, ರ‍್ಯಾಲಿಯ ಧೂಳಿನಲ್ಲಿ ಫಿಲ್ಟರ್ ಬೇಕು. ಆದರೆ ಕೈಜಾರಿ ಬಿದ್ದಾಗ ಪೆಟ್ಟು ತಿನ್ನಲು ಲೆನ್ಸಿನ ಬಾಯಿಯ ಸುತ್ತ ಹಾಕುವ ಹುಡ್ಡೇ ಮೇಲು. ತೆಳು ಫಿಲ್ಟರ್ ಒಡೆದರೆ ಅದರ ಚೂರುಗಳೇ ಲೆನ್ಸನ್ನು ಗೀರಬಹುದು. ಮುಂದಿನ ಗಾಜಿನ ಮೇಲಿನ ಒಂದು ಸಣ್ಣ ಗೀರು ಫೋಟೊದಲ್ಲಿ ಕಾಣುವುದು ಅಪರೂಪ. ಹುಡ್ ಪಕ್ಕದಿಂದ ಬೀಳುವ ಬೆಳಕನ್ನೂ ತಡೆಯುತ್ತದೆ. ದೀಪ ಚಿತ್ರದ ಒಳಗೇ ಇದ್ದಾಗ ಮಾತ್ರ ಹುಡ್ ಏನೂ ಮಾಡಲಾರದು, ಫಿಲ್ಟರ್ ತಿರುಗಿಸಿ ತೆಗೆಯಲೇಬೇಕು.

ಫ್ಲೇರಿನಲ್ಲೂ ಸೊಗಸಿದೆ ಎನ್ನುವವರಿದ್ದಾರೆ, ಒಪ್ಪೋಣ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ, ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಸೂರ್ಯನ ಬೆಳಕನ್ನು ಕನ್ನಡಿಗಳಿಂದ ಸ್ಟುಡಿಯೊದೊಳಕ್ಕೆ ತಿರುಗಿಸಿ ನಿಲ್ಲಿಸಿದ ಬೆಳಕಿನ ಕೋಲು ಇವತ್ತಿಗೂ ಮಾತಿನಲ್ಲಿದೆ. ಅಲ್ಲಿ ಪ್ರತಿಫಲನ ಎಲ್ಲಿ ಬೀಳಬೇಕೆಂದು ತೀರ್ಮಾನಿಸಿದವರು ಮೂರ್ತಿ. ಧಾರೆಯ ಹೊತ್ತಿಗೆ ಮದುಮಗಳ ಹಣೆಯ ಮೇಲೆ ಮಂಟಪದ ಎಲ್‌ಇಡಿಯ ನಕಲು ಬಂದು ಕೂತರೆ ಅದನ್ನು ಯಾರೂ ತೀರ್ಮಾನಿಸಿರುವುದಿಲ್ಲ, ಆ ಮುಹೂರ್ತವನ್ನು ಇನ್ನೊಮ್ಮೆ ತೆಗೆಯಲೂ ಆಗುವುದಿಲ್ಲ.

ಎಲ್ಲ ಫಿಲ್ಟರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ನೀರಿನ ಹೊಳಪು ತೆಗೆಯುವ ಪೋಲರೈಸರ್, ಜೋಗದ ಧಾರೆಯನ್ನು ನಯವಾಗಿ ಹರಿಸಿ ತೋರಿಸುವ ಎನ್‌ಡಿ ಫಿಲ್ಟರ್ ಮಾಡುವ ಕೆಲಸವನ್ನು ಸಾಫ್ಟ್‌ವೇರ್ ಹಾಗೆಯೇ ಮಾಡಲಾರದು. ಗಾಜಿನ ಪ್ರತಿಫಲನ ತಗ್ಗಿಸುವ ಲೇಪಕ್ಕೆ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಪೇಟೆಂಟ್ ಪಡೆದದ್ದು 1935ರಲ್ಲಿ. ಇವತ್ತಿನ ಒಳ್ಳೆಯ ಮಲ್ಟಿಕೋಟೆಡ್ ಫಿಲ್ಟರಿನಲ್ಲಿ ಒಂದು ಮೈಯಿಂದ ಮರಳುವ ಬೆಳಕು ಶೇ 0.5ಕ್ಕಿಂತ ಕಡಿಮೆ. ಸಾವಿರಗಟ್ಟಲೆ ಕೊಟ್ಟು ತಂದ ಲೆನ್ಸಿನ ಒಳಗಿನ ಒಂದೊಂದು ಗಾಜಿಗೂ ಇಂಥ ಲೇಪವಿರುತ್ತದೆ. ಅದರ ಮುಂದೆ ಕೆಲವು ನೂರು ರೂಪಾಯಿಯ ಬರಿಗಾಜನ್ನು ಕಾಯಂ ಆಗಿ ಕೂರಿಸುವುದಕ್ಕೆ ಅರ್ಥವಿಲ್ಲ.

ಅಂಗಡಿಯವರು ಒಂದು ಕೆಲಸ ಮಾಡಬಹುದು. ಫಿಲ್ಟರ್ ಮಾರುವ ಮುಂಚೆ ಕಪ್ಪು ಬಟ್ಟೆಯ ಮುಂದೆ ಮೊಬೈಲ್ ಟಾರ್ಚ್ ಹಚ್ಚಿ, ಅದನ್ನು ಚಿತ್ರದ ಒಂದು ಮೂಲೆಗೆ ಬರುವಂತೆ ಮಾಡಿ, ಫಿಲ್ಟರ್ ಹಾಕಿ ಒಂದು ಫೋಟೊ, ಬಿಚ್ಚಿ ಒಂದು ಫೋಟೊ ತೆಗೆದು ಗಿರಾಕಿಗೆ ತೋರಿಸಲಿ. ನಿಮಿಷದ ಕೆಲಸ. ಎದುರು ಮೂಲೆಯಲ್ಲಿ ಇನ್ನೊಂದು ಟಾರ್ಚ್ ಕಂಡರೆ ಗಿರಾಕಿ ಒಳ್ಳೆಯ ಕೋಟಿಂಗಿನ ಫಿಲ್ಟರ್ ಕೇಳಬಹುದು, ಇಲ್ಲವೇ ಆ ದುಡ್ಡಿಗೆ ಒಂದು ಹುಡ್ ಕೊಳ್ಳಬಹುದು.