ಉಪದೇಶಿಯ ರವಿವಾರ ಯಾರದು?

ರವಿವಾರ ಗಿರಣಿಯ ಭೋಂಗಾ ಕೂಗದಿದ್ದರೆ ಅದು ಧಣಿಗಳ ದಯೆಯಿಂದಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯಲ್ಲಿ 1884ರಲ್ಲಿ ಕಾರ್ಮಿಕರನ್ನು ಕಲೆಹಾಕಿ ವಾರದ ಸೂಟಿ ಕೇಳಿದರು. ಗಿರಣಿ ಮಾಲೀಕರು ಅದಕ್ಕೆ ಒಪ್ಪಿದ್ದು 1890ರ ಜೂನ್ 10ರಂದು. ರವಿವಾರ ಖಂಡೋಬನ ವಾರ ಎಂಬುದೂ ಲೋಖಂಡೆಯವರ ವಾದಗಳಲ್ಲೊಂದಾಗಿತ್ತು. ಆ ಖಂಡೋಬನೇ ನಮ್ಮ ಕಡೆಯ ಮೈಲಾರಲಿಂಗ, ದೇವರಗುಡ್ಡದ ಮಾಲತೇಶ. ಮುಂದೆ 1948ರ ಕಾರ್ಖಾನೆ ಕಾಯಿದೆ ಈ ಸೂಟಿಯನ್ನು ದೇಶದ ಕಾರ್ಖಾನೆಗಳಿಗೆಲ್ಲ ಬರೆದಿಟ್ಟಿತು. ರವಿವಾರವೆಂದರೆ ಕ್ರೈಸ್ತರ ಪಾಲಿನದು ಎನ್ನುವವರು ಇಷ್ಟನ್ನು ನೆನಪಿನಲ್ಲಿಡಬೇಕು.

ಆದರೆ ಕ್ರೈಸ್ತರಲ್ಲೇ ಒಬ್ಬನಿಗೆ ಈ ಸೂಟಿ ಇನ್ನೂ ಬಂದಿಲ್ಲ. ಅವನು ಹಳ್ಳಿಯ ಉಪದೇಶಿ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಕ್ರೈಸ್ತರ ಮನೆಗಳು ಹೆಚ್ಚಿಲ್ಲ, ಇದ್ದವು ಚದುರಿಕೊಂಡಿವೆ. ದೀಕ್ಷೆ ಪಡೆದ ಒಬ್ಬ ಸಭಾಪಾಲಕನ ಪಾಲಿಗೆ ಹಲವು ಊರುಗಳ ಸಭೆಗಳು ಬೀಳುವುದುಂಟು. ಒಂದೇ ಮುಂಜಾನೆ ಅವರು ಎಲ್ಲ ಕಡೆ ಇರಲಾರರು. ಆಗ ಪೀಠದ ಬಳಿ ನಿಲ್ಲುವವನು ಆರು ದಿನ ಹೊಲದಲ್ಲಿಯೋ ಗಾರೆಯ ಕೆಲಸದಲ್ಲಿಯೋ ದುಡಿದು ಬಂದ ಸಾಮಾನ್ಯ ಮನುಷ್ಯ. ಅವನು ಪಾಠ ಓದುತ್ತಾನೆ, ಹಾಡು ಎತ್ತಿಕೊಡುತ್ತಾನೆ, ಉಪದೇಶ ಮಾಡುತ್ತಾನೆ. ಆರಾಧನೆ ಮುಗಿದ ಮೇಲೆ ಜಡ್ಡಿನವರ ಮನೆಗೆ ಹೋಗಿ ಪ್ರಾರ್ಥಿಸುತ್ತಾನೆ. ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವ ಅಧಿಕಾರ ಮಾತ್ರ ಅವನಿಗಿಲ್ಲ; ಅದಕ್ಕೆ ಸಭಾಪಾಲಕರೇ ಬರಬೇಕು. ಹೊಣೆಯಷ್ಟೂ ಅವನದು, ಅಧಿಕಾರ ಅಷ್ಟಕ್ಕಷ್ಟೆ.

ಈ ಜನರನ್ನು ಇತಿಹಾಸ ಕಂಡಿದ್ದು ಕಡಿಮೆ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. 1894ರ ನಿಘಂಟಿನಿಂದ ಕಿಟ್ಟೆಲರ ಹೆಸರು ಮನೆಮಾತಾಯಿತು. ಅದೇ ಮಿಶನ್ನಿನ ಕೆಲಸಕ್ಕಾಗಿ ಊರೂರು ತಿರುಗಿದ ಕನ್ನಡದ ಉಪದೇಶಿಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1914ರಲ್ಲಿ ಯುದ್ಧ ಹೂಡಿದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧಿಸಿ ಆಮೇಲೆ ದೇಶಕ್ಕೆ ಕಳಿಸಿತು. ಆದರೂ ಸಭೆಗಳು ಅಳಿಯಲಿಲ್ಲ. ಇಲ್ಲಿನ ಜನ ಅವನ್ನು ಎತ್ತಿ ಹಿಡಿದರು.

ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ನೆಲದಲ್ಲಿ ಉಪದೇಶವೆಂಬುದು ಯಾವ ಪುರೋಹಿತರ ಗುತ್ತಿಗೆಯೂ ಆಗಿರಲಿಲ್ಲ. ತುಂಗಭದ್ರೆಯ ದಂಡೆಯ ಚೌಡದಾನಪುರದ ಅಂಬಿಗರ ಚೌಡಯ್ಯ ದೋಣಿ ನಡೆಸಿದವನು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರು (1819–1889) ಸಾಲಿ ಮಾಸ್ತರರಾಗಿದ್ದವರು. ದುಡಿದು ತಿಂದವರ ಬಾಯಲ್ಲಿ ಬಂದ ಮಾತಿಗೆ ಇಲ್ಲಿ ಬೆಲೆ ಹೆಚ್ಚು. ಅದಕ್ಕೇ ಉಪದೇಶಿಗೆ ಪಗಾರ ಗೊತ್ತುಮಾಡಿ ಅವನನ್ನು ನೌಕರನನ್ನಾಗಿ ಮಾಡಿರೆಂದು ನಾವು ಹೇಳುವುದಿಲ್ಲ. ಪಗಾರ ಕೊಟ್ಟವನ ಮುಖ ನೋಡಿ ಮಾತಾಡುವ ಗತಿ ಅವನಿಗೂ ಬರುವುದು ಬೇಡ.

ಹಾಗೆಂದು ‘ಸೇವೆ’ ಎಂಬ ಒಂದು ಶಬ್ದದಿಂದ ಅವನ ದುಡಿಮೆಯನ್ನು ಮುಚ್ಚಿಹಾಕುವುದೂ ಸಲ್ಲದು. ಮಠವಿರಲಿ, ಗುಡಿಯಿರಲಿ, ಚರ್ಚಿರಲಿ, ಪುಕ್ಕಟೆ ದುಡಿಸಿಕೊಳ್ಳುವವರ ಬಾಯಲ್ಲಿ ಈ ಶಬ್ದ ಬಹಳ ಸವಿಯಾಗಿ ಕೇಳುತ್ತದೆ. ಗಿರಣಿಯವನಿಗೆ ಕಾಯಿದೆಯ ಸೂಟಿಯಿದೆ. ಅಂಗಡಿಯ ಆಳಿಗೆ ನಮ್ಮ ರಾಜ್ಯದ 1961ರ ಕಾಯಿದೆ ವಾರಕ್ಕೊಂದು ದಿನ ಬಿಡುವು ಕೊಟ್ಟಿತು. ಆಳಿಲ್ಲದೆ ತಾನೇ ಗಲ್ಲೆಯ ಮೇಲೆ ಕೂತು, ತಾನೇ ಮೂಟೆ ಹೊರುವ ಸಣ್ಣ ವ್ಯಾಪಾರಿಗೆ ಮಾತ್ರ ಬಾಗಿಲು ಹಾಕಿದರೆ ಅಂದಿನ ಗಳಿಕೆಯೇ ಇಲ್ಲ. ಹೊಲದ ಕೂಲಿಯವನ ಪಾಡೂ ಅದೇ. ಬಿತ್ತಿಗೆಗೋ ಸುಗ್ಗಿಗೋ ಕರೆ ಬಂದ ರವಿವಾರ ಅವನು ಬೈಬಲ್ಲು ಹಿಡಿದು ಪಕ್ಕದೂರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಮೇಲೆ ಬಸ್ಸಿನ ಚಾರ್ಜು ಅವನ ಕಿಸೆಯಿಂದಲೇ. ತನ್ನ ಬಿಡುವನ್ನು ತಾನಾಗಿ ಕೊಟ್ಟರೆ ಅದು ದಾನ. ಕೂಲಿ ಕಳೆದುಕೊಂಡು ಕೊಟ್ಟರೆ ಅದು ದಂಡ.

ಆದುದರಿಂದ ಮೂರು ಮಾತು. ಸಭೆಯ ಕಾಣಿಕೆಯ ಹಣದಲ್ಲಿ ಮೊದಲು ಉಪದೇಶಿಯ ದಾರಿಖರ್ಚು, ಊಟದ ಖರ್ಚು ತೆಗೆದಿಡಬೇಕು, ಉಳಿದದ್ದು ಸುಣ್ಣಬಣ್ಣಕ್ಕೆ. ಸಭೆಯ ಲೆಕ್ಕಪತ್ರ, ಆಸ್ತಿಪಾಸ್ತಿಯ ವಿಚಾರ ಬಂದಾಗ ಹಿರಿಯರ ಸಾಲಿನಲ್ಲಿ ಅವನಿಗೂ ಒಂದು ಮತವಿರಬೇಕು. ಮೂರನೆಯದು ಎಲ್ಲರಿಗೂ ಸಂಬಂಧಿಸಿದ್ದು: ಹೊಲದಲ್ಲಿ ದುಡಿಯುವ ಹೆಣ್ಣಾಳು ಗಂಡಾಳುಗಳಿಗೆ ವಾರಕ್ಕೊಂದು ದಿನ ಕೂಲಿಸಹಿತ ಬಿಡುವು ಬರಿಯ ಕಾಗದದ ಮೇಲಲ್ಲ, ಕೈಗೆ ಸಿಗಬೇಕು. ಆ ದಿನ ಒಬ್ಬ ಚರ್ಚಿಗೆ ಹೋಗಲಿ, ಒಬ್ಬ ಮೈಲಾರಕ್ಕೆ ಹೋಗಲಿ, ಇನ್ನೊಬ್ಬ ಮನೆಯಲ್ಲಿ ನಿದ್ದೆ ಮಾಡಲಿ. ಅದು ಅವರವರ ಇಚ್ಛೆ.

ಗಿರಣಿ ಕಾರ್ಮಿಕರೇ, ಈ ಸೂಟಿ ಹೋರಾಡದೆ ಸಿಗುವುದಿಲ್ಲವೆಂದು ನಿಮಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಹೊಲದ ಆಳುಗಳು ಅದನ್ನು ಕೇಳುವ ದಿನ ನೀವು ಅವರ ಬೆನ್ನಿಗೆ ನಿಲ್ಲಬೇಕು.