ಬೈರಿಗೆಯೂ ಕೂಲಿಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮೂರನೆಯ ಕಷ್ಟವೊಂದನ್ನು ಹೇಳದೆ ಬಿಟ್ಟರು. ಕಟ್ಟಿದ ಮನೆಯನ್ನು ಇಪ್ಪತ್ತು ವರ್ಷಗಳ ಮೇಲೆ ದುರಸ್ತಿ ಮಾಡಿಸಿಯೂ ನೋಡಬೇಕು. ಹೊಸ ಮನೆಯಲ್ಲಿ ಗೋಡೆ ನಾವು ಹೇಳಿದಂತೆ ಏಳುತ್ತದೆ. ಹಳೆಯ ಮನೆಯಲ್ಲಿ ಗೋಡೆ ಹೇಳಿದಂತೆ ನಾವು ಕೇಳಬೇಕಾಗುತ್ತದೆ. ಕದ ಜೋತುಬಿದ್ದಿರುತ್ತದೆ, ಬಿಜಾಗರಿಯ ತಿರುಪುಗಳು ತುಕ್ಕು ಹಿಡಿದಿರುತ್ತವೆ, ಗೋಡೆಯ ಗೂಡುಗಳನ್ನು ಮುಚ್ಚಿ ಪುಸ್ತಕದ ಹಲಗೆಗಳನ್ನು ಕೂರಿಸಬೇಕಾಗಿರುತ್ತದೆ. ಈ ಕೆಲಸಗಳಲ್ಲೆಲ್ಲ ಇಂದು ಮೊದಲು ಕೈಗೆ ಬರುವ ಉಪಕರಣವೆಂದರೆ ತಂತಿಯಿಲ್ಲದ ಬೈರಿಗೆ. ಪೇಟೆಯಲ್ಲಿ ಅದನ್ನು ಕಾರ್ಡ್‌ಲೆಸ್ ಡ್ರಿಲ್ ಎನ್ನುತ್ತಾರೆ. ಬೈರಿಗೆ ಎಂಬುದು ನಮ್ಮ ಬಡಗಿಗಳ ಬಾಯಲ್ಲಿ ಬಹುಕಾಲದಿಂದ ಬಳಕೆಯಾಗಿ ಬಂದ ಮಾತು. ವಿದ್ಯುತ್ತಿನಿಂದ ತಿರುಗಿದ ಮಾತ್ರಕ್ಕೆ ಅದು ಬೈರಿಗೆಯಲ್ಲದೆ ಹೋಗುವುದಿಲ್ಲವಾದ್ದರಿಂದ ಇಲ್ಲಿ ನಾನು ಆ ಮಾತನ್ನೇ ಬಳಸುತ್ತೇನೆ.

ಈ ಯಂತ್ರವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಹಳಿಯುವುದಂತೂ ಅಲ್ಲವೇ ಅಲ್ಲ. ಆದರೆ ಇದು ಬಂದಂದಿನಿಂದ ಮನೆಮನೆಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತಿದೆ: “ಎರಡು ನಿಮಿಷದ ಕೆಲಸಕ್ಕೆ ಇಷ್ಟು ಕೇಳುವುದೇ, ಆಚಾರ್ರೇ?” ಹೀಗೆ ಕೇಳುವವರಲ್ಲಿ ವಿದ್ಯಾವಂತರೇ ಹೆಚ್ಚು. ಮೇಲುನೋಟಕ್ಕೆ ಇದು ಸಹಜವಾದ ಚೌಕಾಸಿಯಾಗಿ ಕಂಡರೂ ಇದರ ಹಿಂದೆ ಕೈಕೆಲಸದ ವಿಷಯದಲ್ಲಿ ನಮಗಿರುವ ಒಂದು ದೊಡ್ಡ ಅಜ್ಞಾನ ಅಡಗಿದೆಯೆಂದು ನನ್ನ ಭಾವನೆ.

ರಂಧ್ರ ಕೊರೆಯುವ ವಿದ್ಯೆ ಬಹಳ ಹಳೆಯದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7500ರಿಂದ 9000 ವರ್ಷಗಳ ಹಿಂದೆ ಬದುಕಿದ್ದ ಜನರ ಹಲ್ಲುಗಳಲ್ಲಿ ಕಲ್ಲಿನ ಮೊನೆಯಿಂದ ಕೊರೆದ ರಂಧ್ರಗಳಿರುವುದನ್ನು ವಿದ್ವಾಂಸರು 2006ರಲ್ಲಿ ಪ್ರಕಟಿಸಿದರು. ಮಣಿ ಕೊರೆಯುವ ಕೈಯೇ ಅಲ್ಲಿ ವೈದ್ಯನ ಕೈಯೂ ಆಗಿದ್ದಿರಬಹುದು. ಬಿಲ್ಲಿನ ಹಗ್ಗವನ್ನು ದಂಡಕ್ಕೆ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುವ ಬೈರಿಗೆ ಅಲ್ಲಿಂದೀಚೆಗೆ ಸಾವಿರಾರು ವರ್ಷ ನಡೆದುಬಂದಿತು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯನ್ನು ಮಾಡಿತು. ಪಿಸ್ತೂಲಿನಂಥ ಹಿಡಿಯೂ ಬೆರಳಿನಿಂದ ಒತ್ತುವ ಕುದುರೆಯೂ ಇರುವ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1917ರಲ್ಲಿ ಹಕ್ಕುಪತ್ರ ಪಡೆಯಿತು. ಅದೇ ಕಂಪನಿ 1961ರಲ್ಲಿ ನಿಕಲ್–ಕ್ಯಾಡ್ಮಿಯಮ್ ಬ್ಯಾಟರಿಯಿಂದ ನಡೆಯುವ, ತಂತಿಯಿಲ್ಲದ ಬೈರಿಗೆಯನ್ನು ಹೊರತಂದಿತು.

ಹತ್ತು ವರ್ಷದಲ್ಲಿ ಬ್ಯಾಟರಿಯ ಬೈರಿಗೆ ಚಂದ್ರನನ್ನೂ ಮುಟ್ಟಿತು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಅಲ್ಲಿನ ನೆಲವನ್ನು ಅಂಥ ಯಂತ್ರದಿಂದ ಕೊರೆದರು. ಆದರೆ ಇಳಿಸಿದ ಕೊಳವೆ ನೆಲದಲ್ಲಿ ಕಚ್ಚಿಕೊಂಡು ಬಿಟ್ಟಿತು. ಅದನ್ನು ಮೇಲೆತ್ತಲು ಸ್ಕಾಟ್ ಮತ್ತು ಇರ್ವಿನ್ ಇಬ್ಬರೂ ಸೇರಿ ಹೆಗಲು ಕೊಡಬೇಕಾಯಿತು. ಅಷ್ಟು ದೂರ ಹೋದ ಯಂತ್ರಕ್ಕೂ ಕೊನೆಯಲ್ಲಿ ಮನುಷ್ಯನ ಹೆಗಲು ತಪ್ಪಲಿಲ್ಲ.

ಇಂದಿನ ಬೈರಿಗೆಯ ಹಿಡಿಯ ಕೆಳಗಿರುವುದು ಲಿಥಿಯಮ್ ಬ್ಯಾಟರಿ. ಒಂದೊಂದೂ ಸುಮಾರು 3.6 ವೋಲ್ಟಿನ ಐದು ಕೋಶಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್ ಆಗುತ್ತದೆ. ಅದೇ ಐದು ಕೋಶಗಳು ಪೂರ್ತಿ ತುಂಬಿದ ಗಳಿಗೆಯಲ್ಲಿ ತೋರುವ ಬಲವನ್ನು ಲೆಕ್ಕ ಹಿಡಿದು 20 ವೋಲ್ಟ್ ಎಂದು ಬರೆದು ಮಾರುವುದೂ ಉಂಟು. ಕೊಳ್ಳುವವರು ಎರಡೂ ಒಂದೇ ಎಂದು ತಿಳಿದಿರುವುದು ಒಳ್ಳೆಯದು. ಕುದುರೆಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ವೇಗವಾಗಿ ತಿರುಗುತ್ತದೆ. ಮೂತಿಯ ಬಳಿ ಅಂಕಿಗಳನ್ನು ಕೆತ್ತಿದ ಬಳೆಯೊಂದಿದೆ. ಅದನ್ನು ತಕ್ಕ ಅಂಕಿಗೆ ತಿರುಗಿಸಿಟ್ಟರೆ, ತಿರುಪು ಬಿಗಿಯಾದೊಡನೆ ಯಂತ್ರ ಕಟಕಟ ಸದ್ದು ಮಾಡಿ ಒತ್ತುವುದನ್ನು ತಾನೇ ನಿಲ್ಲಿಸುತ್ತದೆ. ಸಾಕು ಎಂಬುದನ್ನು ಇಷ್ಟರ ಮಟ್ಟಿಗೆ ಬಲ್ಲ ಉಪಕರಣ ನಮ್ಮ ಹಳೆಯ ಬಡಗಿಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಇದು ಮೆಚ್ಚಬೇಕಾದ ಸಂಗತಿಯೇ ಸರಿ.

ಆದರೆ ಆ ಅಂಕಿಯನ್ನು ಆರಿಸುವವರು ಯಾರು? ತೇಗದ ಮರಕ್ಕೆ ಎಷ್ಟು, ಬೇವಿಗೆ ಎಷ್ಟು, ಹೊಟ್ಟಿನಿಂದ ಒತ್ತಿ ಮಾಡಿದ ಹಲಗೆಗೆ ಎಷ್ಟು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಗೋಡೆಯ ವಿಷಯದಲ್ಲಂತೂ ಅದು ಪೂರ್ತಿ ಕುರುಡು. ನಮ್ಮ ನಾಡಿನಲ್ಲಿ ಗೋಡೆಯೆಂದರೆ ಒಂದೇ ಬಗೆಯದೇ? ಕರಾವಳಿಯಲ್ಲಿ ಮುರಕಲ್ಲು, ಬಯಲುಸೀಮೆಯ ಹಳೆಯ ಮನೆಗಳಲ್ಲಿ ಮಣ್ಣು, ಪೇಟೆಯಲ್ಲಿ ಇಟ್ಟಿಗೆ, ಹೊಸ ಬಡಾವಣೆಗಳಲ್ಲಿ ಟೊಳ್ಳು ಸಿಮೆಂಟಿನ ಬ್ಲಾಕು. ಮೇಲೆ ಬಳಿದ ಸುಣ್ಣ ಎಲ್ಲವನ್ನೂ ಒಂದೇ ಆಗಿ ತೋರಿಸುತ್ತದೆ. ಅನುಭವಸ್ಥನಾದ ಕೆಲಸಗಾರ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾನೆ. ಸ್ವಿಚ್ಚಿನ ಪೆಟ್ಟಿಗೆಯಿಂದ ನೇರ ಮೇಲಕ್ಕೂ ಕೆಳಕ್ಕೂ ಗೋಡೆಯೊಳಗೆ ತಂತಿ ಹೋಗಿರಬಹುದೆಂದು ಆ ಸಾಲನ್ನು ಬಿಡುತ್ತಾನೆ. ಸ್ನಾನದ ಮನೆಯ ಬೆನ್ನಿನ ಗೋಡೆಯಲ್ಲಿ ನೀರಿನ ಕೊಳವೆಯನ್ನು ನೆನೆಯುತ್ತಾನೆ. ಹೊಳಪಿನ ಬಿಲ್ಲೆ ಅಂಟಿಸಿದ ಕಡೆ ಬಡಿಯುವ ಗತಿಯನ್ನು ನಿಲ್ಲಿಸಿ ಬರಿಯ ತಿರುಗುವಿಕೆಯಿಂದ ನಿಧಾನವಾಗಿ ಇಳಿಯುತ್ತಾನೆ. ಇಲ್ಲವಾದರೆ ಬಿಲ್ಲೆ ಸೀಳುತ್ತದೆ. ಮೊನೆಯ ಹಿಂದಿನಿಂದ ಬರುವ ಪುಡಿ ಕೆಂಪೋ ಬೂದಿಯೋ ಎಂಬುದನ್ನು ನೋಡಿಯೇ ಒಳಗಿರುವುದು ಇಟ್ಟಿಗೆಯೋ ಕಾಂಕ್ರೀಟೋ ಎಂದು ತಿಳಿಯುತ್ತಾನೆ. ಕಾಂಕ್ರೀಟಿನ ತೊಲೆ ಎದುರಾದರೆ, ಈ ಚಿಕ್ಕ ಬೈರಿಗೆಯ ಮೇಲೆ ಮೈಭಾರ ಹಾಕುವುದು ವ್ಯರ್ಥವೆಂದು ಅದನ್ನು ಕೆಳಗಿಟ್ಟು ದೊಡ್ಡ ಯಂತ್ರವನ್ನು ತರುತ್ತಾನೆ. ಆ ಬೂದಿಬಣ್ಣದ ಪುಡಿಯಲ್ಲಿರುವ ಸಿಲಿಕ ವರ್ಷಾನುಗಟ್ಟಲೆ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶವೇ ಕೆಡುತ್ತದೆ. ಮನೆಯವರಿಗೆ ಅದು ಒಂದು ದಿನದ ಧೂಳು. ಕೆಲಸಗಾರನಿಗೆ ಅದು ಜೀವಮಾನದ ಧೂಳು. ಮೂಗಿಗೆ ತಕ್ಕ ಮುಸುಕನ್ನು ಅವನು ಕಟ್ಟಿಕೊಳ್ಳುವಂತೆ ಹೇಳುವುದೂ ಕೊಡುವುದೂ ಮನೆಯವರ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ಈಗ ಆ ಎರಡು ನಿಮಿಷದ ಲೆಕ್ಕವನ್ನು ನೋಡೋಣ. ಬೈರಿಗೆ ಗೋಡೆಯಲ್ಲಿ ತಿರುಗಿದ್ದು ಎರಡು ನಿಮಿಷವೇ ಇರಬಹುದು. ಎಲ್ಲಿ ತಿರುಗಬೇಕು, ಎಲ್ಲಿ ತಿರುಗಬಾರದು ಎಂಬುದನ್ನು ಕಲಿಯಲು ಹಿಡಿದ ವರ್ಷಗಳು ಆ ನಿಮಿಷಗಳಲ್ಲಿ ಕಾಣುವುದಿಲ್ಲ. ಹಿಂದೆ ಬಡಗಿ ಕೈಬೈರಿಗೆಯನ್ನು ತಿರುಗಿಸಿ ಬೆವರುತ್ತಿದ್ದಾಗ ನಾವು ಆ ಬೆವರನ್ನು ನೋಡಿ ಕೂಲಿ ಕೊಟ್ಟೆವು; ಬೆವರು ಕಾಣದಾದೊಡನೆ ಕೂಲಿಯನ್ನು ಇಳಿಸಹೊರಟಿದ್ದೇವೆ. ಎಂದರೆ ಅಂದೂ ನಾವು ಅವನ ವಿದ್ಯೆಗೆ ಬೆಲೆ ಕೊಟ್ಟಿರಲಿಲ್ಲವೆಂದಾಯಿತು. ಯಂತ್ರವನ್ನು ಕೊಂಡವನು ಅವನು. ಕೆಲವು ವರ್ಷಗಳಲ್ಲಿ ಸೊರಗುವ ಬ್ಯಾಟರಿಗೆ ಮತ್ತೆ ಹಣ ತೆರುವವನು ಅವನು. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಬೈರಿಗೆಗೆ ಹೊಂದದ ಕಾರಣ ಒಮ್ಮೆ ಹಿಡಿದ ಕಂಪನಿಗೇ ಕಟ್ಟುಬಿದ್ದವನೂ ಅವನೇ. ಹೀಗಿರುವಾಗ ಉಳಿದ ಸಮಯದ ಲಾಭವೆಲ್ಲ ನಮ್ಮದೇ ಆಗಬೇಕೆನ್ನುವುದು ಯಾವ ನ್ಯಾಯ? ಉಪಾಧ್ಯಾಯನ ಸಂಬಳವನ್ನು ಅವನು ಹಲಗೆಯ ಮೇಲೆ ಸವೆಸಿದ ಸೀಮೆಸುಣ್ಣದಿಂದ ಅಳೆದರೆ ನಾವು ಒಪ್ಪುತ್ತೇವೆಯೇ? ನಾಡಿ ಹಿಡಿದ ನಿಮಿಷಗಳನ್ನು ಎಣಿಸಿ ವೈದ್ಯನಿಗೆ ಹಣ ಕೊಡುತ್ತೇವೆಯೇ?

“ಹಾಗಾದರೆ ನಾವೇ ಒಂದು ಬೈರಿಗೆಯನ್ನು ಕೊಂಡು ನಾವೇ ಮಾಡಿಕೊಳ್ಳುತ್ತೇವೆ” ಎನ್ನುವವರುಂಟು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ತನ್ನ ಮನೆಯ ಕದವನ್ನು ತಾನೇ ಸರಿಪಡಿಸಿಕೊಂಡವನಿಗೆ ಮನೆಯ ಮೇಲಿನ ಮಮತೆ ಹೆಚ್ಚುತ್ತದೆ; ಒಂದು ಹಲಗೆಯನ್ನು ಮಟ್ಟ ನೋಡಿ ಕೂರಿಸಿದವನು ಮತ್ತೆಂದೂ ಎರಡು ನಿಮಿಷದ ಮಾತನ್ನಾಡುವುದಿಲ್ಲ. ಆದರೆ ವರ್ಷದಲ್ಲಿ ನಾಲ್ಕು ಬಾರಿ ತಿರುಗುವ ಯಂತ್ರ ಬೀದಿಯ ಪ್ರತಿಯೊಂದು ಮನೆಯ ಅಟ್ಟದಲ್ಲೂ ಇರಬೇಕಾದ ಅಗತ್ಯವಿಲ್ಲ. ಒರಳು, ಏಣಿ, ಹಾರೆಗಳನ್ನು ನೆರೆಹೊರೆಯವರು ಕೇಳಿ ತಂದು ಹಿಂದಿರುಗಿಸುತ್ತಿದ್ದ ಪದ್ಧತಿ ನಮ್ಮದೇ. ಬಳಸದೆ ಇಟ್ಟ ಬ್ಯಾಟರಿಯೂ ಮುಪ್ಪಾಗುತ್ತದೆ. ಸತ್ತ ಬ್ಯಾಟರಿ ಕಸದ ಗುಂಡಿಯಲ್ಲಿ ಬೆಂಕಿಗೂ ವಿಷಕ್ಕೂ ಕಾರಣವಾಗುತ್ತದೆ. ಅದನ್ನು ಮರಳಿ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ; ಅವರಿಗೆ ಮುಟ್ಟಿಸುವ ಹೊಣೆ ನಮ್ಮದು.

ಇನ್ನೊಂದು ಮಾತು, ವಿಶೇಷವಾಗಿ ಅಧ್ಯಾಪಕ ಮಿತ್ರರಿಗೆ. ಕೈಕೆಲಸದ ಮೂಲಕವೇ ಮಕ್ಕಳಿಗೆ ವಿದ್ಯೆ ಬರಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ವಾದಿಸಿದರು. ಅದಕ್ಕೂ ಎಂಟುನೂರು ವರ್ಷ ಹಿಂದೆ ನಮ್ಮ ಶರಣರ ನಡುವೆ ಬಾಚಿಯನ್ನು ಹಿಡಿದ ಬಾಚಿಕಾಯಕದ ಬಸವಯ್ಯನೂ ಹಗ್ಗ ಹೊಸೆದ ನುಲಿಯ ಚಂದಯ್ಯನೂ ವಚನಕಾರರಾಗಿ ಕುಳಿತಿದ್ದರು. ಅವರನ್ನು ತರಗತಿಯಲ್ಲಿ ಪಾಠ ಹೇಳಿ, ಮನೆಗೆ ಬಂದು ಬಾಚಿ ಹಿಡಿದವನೊಡನೆ ಹತ್ತು ರೂಪಾಯಿಗೆ ಜಗಳವಾಡುವುದು ನಮಗೆ ಶೋಭಿಸುವುದಿಲ್ಲ. ಪ್ರತಿಯೊಂದು ಪ್ರೌಢಶಾಲೆಯಲ್ಲೂ ಒಂದು ಉಪಕರಣದ ಕೋಣೆಯಿರಲಿ. ಅಲ್ಲಿ ಉಳಿ ಗರಗಸಗಳ ಪಕ್ಕದಲ್ಲಿ ಈ ಹೊಸ ಬೈರಿಗೆಯೂ ಇರಲಿ. ಊರಿನ ಬಡಗಿ ವಾರಕ್ಕೊಮ್ಮೆ ಬಂದು ಗೋಡೆಯನ್ನು ತಟ್ಟಿ ಕೇಳುವುದನ್ನು ಹುಡುಗರಿಗೂ ಹುಡುಗಿಯರಿಗೂ ಕಲಿಸಲಿ. ಬಂದ ದಿನ ಅವನಿಗೆ ಸಲ್ಲುವುದು ಉಪಾಧ್ಯಾಯನ ಸಂಭಾವನೆಯಾಗಿರಲಿ. ಅಲ್ಲಿ ಕಲಿತ ಮಕ್ಕಳು ನಾಳೆ ಮನೆಯೊಡೆಯರಾದಾಗ, ಕೆಲಸ ಬೇಗ ಮುಗಿಯಿತೆಂದು ಕೂಲಿಯನ್ನು ಕಡಿಮೆ ಮಾಡುವುದಿಲ್ಲ. ಗೋಡೆ ಕೆಡದೆ, ತಂತಿ ಹರಿಯದೆ ಬೇಗ ಮುಗಿಯಿತಲ್ಲ ಎಂದು ಸಂತೋಷದಿಂದ ಪೂರ್ತಿ ಕೊಡುತ್ತಾರೆ.