ಪೇಟೆಯ ನೆಲ ಯಾರದ್ದು?

ಕೆಳಗೆ ಅಂಗಡಿ, ಮೇಲೆ ಮನೆ. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ ನಮ್ಮ ಹಿರಿಯರು ತಲೆಮಾರುಗಳ ಕಾಲ ಬದುಕಿದ್ದೇ ಹೀಗೆ. ಈಗ ಅದಕ್ಕೆ 'ಮಿಶ್ರ ಬಳಕೆ' ಎಂಬ ಹೊಸ ಹೆಸರು ಕೊಟ್ಟು ಬಿಲ್ಡರುಗಳು ನಮಗೇ ಮಾರಲು ಬರುತ್ತಿದ್ದಾರೆ. ಕೆಳಗೆ ಮಾಲ್, ಮೇಲೆ ಐಷಾರಾಮಿ ಫ್ಲ್ಯಾಟು! ಆದರೆ ಅಲ್ಲಿ ಮೊದಲಿದ್ದವರು ಎಲ್ಲಿ?

ಮನೆ ಮತ್ತು ಅಂಗಡಿ ಒಂದೇ ಬೀದಿಯಲ್ಲಿದ್ದರೆ ಮಾತ್ರ ನಗರಕ್ಕೆ ಜೀವ ಎಂದು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ಯೋಜಕರು ಈ ಮಾತನ್ನು ಇಂದು ಗಿಳಿಪಾಠದಂತೆ ಒಪ್ಪಿಸುತ್ತಾರೆ. ಅದೇ ಪುಸ್ತಕದಲ್ಲಿ ಆಕೆ ಹೇಳಿದ ಇನ್ನೊಂದು ಮಾತನ್ನು ಮಾತ್ರ ಜಾಣತನದಿಂದ ಮರೆಯುತ್ತಾರೆ. ಬೀದಿಯಲ್ಲಿ ಹಳೆಯ ಕಟ್ಟಡಗಳೂ ಇರಬೇಕು. ಕಡಿಮೆ ಬಾಡಿಗೆ ಇದ್ದರಷ್ಟೇ ಸಣ್ಣ ವ್ಯಾಪಾರಿ ಉಳಿಯುತ್ತಾನೆ. ಗುಂಡಿ, ದಾರ ಮಾರುವವನು ಮಾಲ್‌ನ ಬಾಡಿಗೆಯ ಮೇಲೆ ನಿರ್ವಹಣಾ ವೆಚ್ಚವನ್ನೂ ಕಟ್ಟಿ ಬದುಕಲು ಸಾಧ್ಯವೇ?

ಹಾಗಂತ ಹಳೆಯದನ್ನು ಮುಟ್ಟಲೇಬಾರದು ಎಂಬ ಹಟ ನಮ್ಮದಲ್ಲ. 2017ರ ಆಗಸ್ಟ್ 31ರಂದು ಮುಂಬೈಯ ಭೇಂಡಿ ಬಜಾರಿನಲ್ಲಿ ಶತಮಾನ ದಾಟಿದ ಹುಸೈನಿ ಕಟ್ಟಡ ಕುಸಿದು 33 ಮಂದಿ ಸತ್ತರು. ಅದು ಪುನರ್ನಿರ್ಮಾಣದ ಪಟ್ಟಿಯಲ್ಲೇ ಇತ್ತು. ಕೆಲವು ಕುಟುಂಬಗಳು ತೆರಳಿದ್ದವು, ಉಳಿದವರು ಅಲ್ಲೇ ಇದ್ದರು. ಶಿಥಿಲ ಗೋಡೆಗಳನ್ನು 'ಪರಂಪರೆ' ಎಂದು ಹೊಗಳುವವರು ಆ ಗೋಡೆಗಳ ಕೆಳಗೆ ಮಲಗುವವರಲ್ಲ.

ಅದೇ ಭೇಂಡಿ ಬಜಾರಿನಲ್ಲಿ ಸೈಫಿ ಬುರ್ಹಾನಿ ಟ್ರಸ್ಟ್ 2009ರಲ್ಲಿ ಕೈಗೆತ್ತಿಕೊಂಡ ಯೋಜನೆ ನೋಡಿ. ಸುಮಾರು 16.5 ಎಕರೆ, 250ರಷ್ಟು ಕಟ್ಟಡ, 3,200ರಷ್ಟು ಕುಟುಂಬ, 1,250ರಷ್ಟು ಅಂಗಡಿ. ಬಾಡಿಗೆದಾರ ಕುಟುಂಬಕ್ಕೆ ಕನಿಷ್ಠ 350 ಚದರಡಿಯ ಸ್ವಂತ ಮನೆ, ಅಂಗಡಿಯವನಿಗೆ ಅಲ್ಲೇ ಅಂಗಡಿ. ಹೆಚ್ಚುವರಿಯಾಗಿ ಕಟ್ಟಿದ್ದನ್ನು ಮಾರಿ ಖರ್ಚು ಸರಿದೂಗಿಸುವ ಲೆಕ್ಕ. ಕೆಲಸ ವರ್ಷಗಟ್ಟಲೆ ಎಳೆದಿದೆ. ಹಳೆಯ ಓಣಿಯ ನೆರೆಹೊರೆಯನ್ನು ಗಗನಚುಂಬಿ ಗೋಪುರ ಉಳಿಸೀತೇ ಎಂಬ ಪ್ರಶ್ನೆಯೂ ಇದೆ. ಆದರೂ ಇದ್ದವರನ್ನು ಅಲ್ಲೇ ಉಳಿಸಿಕೊಂಡು ಲೆಕ್ಕ ಹಾಕಬಹುದು ಎಂಬುದನ್ನು ಅದು ತೋರಿಸಿಕೊಟ್ಟಿದೆ. 'ಸಾಧ್ಯವೇ ಇಲ್ಲ' ಎನ್ನುವ ನಮ್ಮ ಅಧಿಕಾರಿಗಳು ಇನ್ನು ಬೇರೆ ನೆಪ ಹುಡುಕಬೇಕು.

ಇನ್ನು ಬೀದಿ ವ್ಯಾಪಾರಿಗಳು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ ಎಂದು 2014ರ ಕೇಂದ್ರ ಕಾಯ್ದೆ ಹೇಳುತ್ತದೆ. ಬಣ್ಣಬಣ್ಣದ ನಕ್ಷೆಗಳಲ್ಲಿ ಗಿಡ, ಕಾರಂಜಿಗಳಿಗೂ ಜಾಗವಿರುತ್ತದೆ. ತಳ್ಳುಗಾಡಿಗೆ ಮಾತ್ರ ಇರುವುದಿಲ್ಲ!

ಊರ ನಡುವಿನ ಯಾವುದೇ ಯೋಜನೆ ಮುಂದೆ ಬಂದರೂ ನಾವು ಮೊದಲು ಕೇಳಬೇಕಾದ್ದು ಇಷ್ಟೇ: ಇಲ್ಲಿದ್ದವರು ಇಲ್ಲಿಗೇ ಮರಳುತ್ತಾರೆಯೇ? ಯಾವ ಬಾಡಿಗೆಗೆ? ಅದು ಬರಹದಲ್ಲಿದೆಯೇ? ಉತ್ತರವಿಲ್ಲದಿದ್ದರೆ ನಮ್ಮ ಒಪ್ಪಿಗೆಯೂ ಇಲ್ಲ. ಪೇಟೆಯ ನೆಲಕ್ಕೆ ಬೆಲೆ ಬಂದದ್ದು ಅಲ್ಲಿ ಬೆವರು ಸುರಿಸಿದವರಿಂದ. ಬೆಲೆ ಏರಿದ ದಿನವೇ ಅವರನ್ನು ಹೊರದಬ್ಬುವ ಕೆಲಸಕ್ಕೆ ಅಭಿವೃದ್ಧಿ ಎಂಬ ಹೆಸರು ಒಪ್ಪುವುದಿಲ್ಲ.